ಎಲ್ಲಿಲ್ಲವೆಂದು ಹುಡುಕಿದ ಕ್ಷುದ್ರಗ್ರಹ

ನಾನು ಆ ಕ್ಷುದ್ರಗ್ರಹವನ್ನು ದೂರದರ್ಶಕದಲ್ಲಿ ಒಮ್ಮೆಯೂ ನೋಡಲಿಲ್ಲ. ಅದರ ಬೆನ್ನು ಹತ್ತಿದ ಅಷ್ಟೂ ವಾರ ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿ, ಬಾಡಿಗೆ ಮನೆಯ ಮಹಡಿಯ ಕೋಣೆಯಲ್ಲಿ, ಎಡಮಗ್ಗುಲಾಗಿ ಮಲಗಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಚಳಿಗಾಲ ಅದು. ನಾನು ಐದು ತಿಂಗಳ ಬಸುರಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೂತಿದೆ ಎಂದು ಸ್ಕ್ಯಾನ್‌ನಲ್ಲಿ ಗೊತ್ತಾಗಿತ್ತು. ಒಂದು ಸಲ ರಕ್ತವೂ ಹೋಗಿತ್ತು. "ಮಲಗಿರಿ. ಮನೆಯಲ್ಲಿ ಸದಾ ಒಬ್ಬರು ಜೊತೆಗಿರಲಿ. ಫೋನು ಕೈಗೆಟಕುವಂತಿರಲಿ. ಬಹುಪಾಲು ಇಂಥವು ಸರಿಹೋಗುತ್ತವೆ," ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಹುಪಾಲು ಎಂಬ ಮಾತನ್ನು ನಾನೇ ದಿನಕ್ಕೆ ಹತ್ತು ಸಲ ಬರೆಯುತ್ತಿದ್ದೆ. ಆದರೆ ಅದನ್ನು ಇನ್ನೊಬ್ಬರ ಬಾಯಲ್ಲಿ, ನನ್ನದೇ ಮೈಯ ಬಗ್ಗೆ ಕೇಳಿದಾಗ ಅದರಲ್ಲಿ ಉಳಿದ ಸ್ವಲ್ಪ ಪಾಲಿನ ಮೇಲೇ ಮನಸ್ಸು ಹೋಗಿ ಕೂತಿತು.

ನನ್ನ ಕೆಲಸ ಕಕ್ಷೆ ಲೆಕ್ಕ ಹಾಕುವುದು. ಯಾರೋ ಎಲ್ಲೋ ಆಕಾಶದ ಚಿತ್ರ ತೆಗೆಯುತ್ತಾರೆ. ನಕ್ಷತ್ರಗಳ ನಡುವೆ ಜರುಗಿದ ಚುಕ್ಕೆಯೊಂದು ಕಾಣುತ್ತದೆ. ಅದರ ಸ್ಥಾನಗಳನ್ನು ಅಳೆದು ಕಳಿಸುತ್ತಾರೆ. ಆ ಸ್ಥಾನಗಳಿಂದ ಅದು ಸೂರ್ಯನನ್ನು ಹೇಗೆ ಸುತ್ತುತ್ತಿದೆ, ಮುಂದೆ ಭೂಮಿಯ ಹತ್ತಿರ ಯಾವಾಗ ಬರುತ್ತದೆ ಎಂದು ನಾನು ಹೇಳಬೇಕು. ಇದಕ್ಕೆ ಕಂಪ್ಯೂಟರ್ ಇದ್ದರೆ ಸಾಕು. ವಿಶ್ವವಿದ್ಯಾಲಯದ ನನ್ನ ಕಂಪ್ಯೂಟರನ್ನು ನನ್ನ ಗಂಡ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಮನೆಗೆ ತಂದ. ಹಾಸಿಗೆಯ ಪಕ್ಕದಲ್ಲಿ ಅದನ್ನಿಡಲು ತಕ್ಕ ಮೇಜಿರಲಿಲ್ಲ. ಇಸ್ತ್ರಿ ಹಲಗೆಯನ್ನು ಬೇಕಾದಷ್ಟು ತಗ್ಗಿಸಬಹುದು ಎಂದು ಅವನಿಗೇ ಹೊಳೆಯಿತು. ಕೀಬೋರ್ಡು, ಮೌಸು ಅದರ ಮೇಲೆ ಕೂತವು. ಭಾರದ ಮಾನಿಟರನ್ನು ಕುರ್ಚಿಯ ಮೇಲಿಟ್ಟ. ಮಲಗಿದಲ್ಲಿಂದಲೇ ಕೈ ಚಾಚಿ ಟೈಪು ಮಾಡುತ್ತಿದ್ದೆ.

ಅವನ ಕೆಲಸ ಹೀಥ್ರೋ ವಿಮಾನನಿಲ್ದಾಣದ ಪಕ್ಕದ ಸರಕು ಗೋದಾಮಿನಲ್ಲಿ, ಶಿಫ್ಟು. ಹಾಗಾಗಿ ಹೆರಿಗೆಗೆಂದು ಬರಬೇಕಿದ್ದ ಅತ್ತೆಯವರು ಮೂರು ತಿಂಗಳು ಮೊದಲೇ ಧಾರವಾಡದಿಂದ ಬಂದಿಳಿದರು. ಧಾರವಾಡದಲ್ಲಿ ಅವರದು ಖಾನಾವಳಿ. ಹೊತ್ತು ಹುಟ್ಟಿದಾಗಿನಿಂದ ಮಂದಿಯ ನಡುವೆ ಇದ್ದವರು. ಇಲ್ಲಿ ನಾಲ್ಕು ಗಂಟೆಗೇ ಕತ್ತಲು, ಮಾತಾಡಲು ಮಹಡಿಯ ಮೇಲೆ ಮಲಗಿದ ನಾನೊಬ್ಬಳು, ಬಿಟ್ಟರೆ ಲಂಡನ್ನಿನ ಕೆಂಟನ್‌ನಿಂದ ಆಗಾಗ ಫೋನು ಮಾಡುವ ಬೆಳಗಾವಿಯ ಪರಿಚಯದ ಹೆಂಗಸೊಬ್ಬರು. ಕೆಳಗೆ ರೊಟ್ಟಿ ಬಡಿಯುತ್ತ ಮೆಟ್ಟಿಲ ಕಡೆ ಮುಖ ಮಾಡಿ ಕೂಗುತ್ತಿದ್ದರು: "ಎಚ್ಚರ ಅದಿಯೇನವಾ?" ನಾನು ಮೇಲಿನಿಂದ, "ಇದೀನಿ ಅತ್ತೆ," ಅನ್ನುತ್ತಿದ್ದೆ. ನಾನು ಬೆಂಗಳೂರಿನವಳು. ನನ್ನ ಕನ್ನಡ ಅವರಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತಂತೆ.

ನಮ್ಮಿಬ್ಬರಿಗೂ ಜಗಳ ಬಂದದ್ದು ಫೋನಿನ ವಿಷಯದಲ್ಲಿ. ಕೆಳಗೊಂದು, ನನ್ನ ಹಾಸಿಗೆಯ ಪಕ್ಕದಲ್ಲೊಂದು ಫೋನಿದ್ದರೂ ಮನೆಗೆ ಒಂದೇ ಲೈನು. ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಜೋಡಿಸುವ ಮೋಡೆಮ್‌ನ ವೈರು ಕೆಳಗಿನ ಫೋನಿನ ಪಕ್ಕದಿಂದ ಮೆಟ್ಟಿಲು ಹತ್ತಿ ಬರುತ್ತಿತ್ತು; ಅದನ್ನು ಹಚ್ಚಿದರೆ ಫೋನು ಸತ್ತಂತೆ.

"ಫೋನ್ ಯಾವಾಗಲೂ ಖುಲ್ಲಾ ಇರಬೇಕಂತ ಡಾಕ್ಟರ್ ಹೇಳ್ಯಾರಿಲ್ಲೋ? ನಾಳೆ ಏನರ ಆದ್ರ ನಾ ಯಾರನ್ನ ಒದರಲಿ?"

"ಬರೀ ಅರ್ಧ ಗಂಟೆ ಅತ್ತೆ. ಬೇಕಾದ ತಕ್ಷಣ ವೈರ್ ಕಿತ್ತುಬಿಡಿ."

"ವೈರ್ ಕೀಳೂದಾತು. ಆಮ್ಯಾಲ ಇಂಗ್ಲಿಷ್ ಯಾರು ಮಾತಾಡಬೇಕು?"

ಆ ಸಂಜೆ ನನ್ನ ಗಂಡ ಒಂದು ಹಾಳೆಯ ಮೇಲೆ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದ: "ಆಂಬ್ಯುಲೆನ್ಸ್ ಪ್ಲೀಸ್. ಪ್ರೆಗ್ನೆಂಟ್ ಲೇಡಿ ಬ್ಲೀಡಿಂಗ್." ಕೆಳಗೆ ಮನೆಯ ವಿಳಾಸ. ಅದನ್ನು ಫೋನಿನ ಮೇಲಿನ ಗೋಡೆಗೆ ಅಂಟಿಸಿದ. ಅತ್ತೆಯವರು ಎರಡು ದಿನ ಅದನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದರು. ಅದಾದ ಮೇಲೆ ನನಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮೋಡೆಮ್ ಸಿಕ್ಕಿತು.

ಆ ಕಾಯವನ್ನು, ಅಂದರೆ ಕ್ಷುದ್ರಗ್ರಹವನ್ನು, ಅಮೆರಿಕದ ಒಂದು ಆಕಾಶ ಸಮೀಕ್ಷೆ ಕಂಡುಹಿಡಿದಿತ್ತು. ಎರಡು ವಾರ ಅಲ್ಲಲ್ಲಿನ ಸಣ್ಣ ದೂರದರ್ಶಕಗಳು ಅದನ್ನು ಹಿಂಬಾಲಿಸಿದವು. ಆಮೇಲೆ ಹುಣ್ಣಿಮೆಯ ಬೆಳಕು ಬಂದು ಮಂಕು ಚುಕ್ಕೆಗಳೆಲ್ಲ ಅದರಲ್ಲಿ ಮುಳುಗಿದವು. ಚಂದ್ರ ಕರಗುವಷ್ಟರಲ್ಲಿ ಅದು ನಮ್ಮಿಂದ ದೂರ ಸರಿದು ಮಂಕಾಗಿತ್ತು. ಸಂಜೆ ಪಶ್ಚಿಮದಲ್ಲಿ ದಿನೇ ದಿನೇ ಕೆಳಗಿಳಿಯುತ್ತಿತ್ತು. ಇನ್ನು ಕೆಲವು ವಾರದಲ್ಲಿ ಸೂರ್ಯನ ಹಿಂದೆ ಹೋದರೆ ಮತ್ತೆ ವರ್ಷಗಟ್ಟಲೆ ಸಿಗುವುದಿಲ್ಲ.

ಎರಡು ವಾರದ ಸ್ಥಾನಗಳಿಂದ ಒಂದೇ ಕಕ್ಷೆ ಹೊರಡುವುದಿಲ್ಲ. ಅಳತೆಯ ಸಣ್ಣ ತಪ್ಪುಗಳಿಗೆ ಹೊಂದುವ ಸಾವಿರಾರು ಕಕ್ಷೆಗಳು ಹೊರಡುತ್ತವೆ. ಅವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿದ ಮಣಿಗಳೆಂದುಕೊಳ್ಳಿ. ನಿಜವಾದ ಕ್ಷುದ್ರಗ್ರಹ ಅವುಗಳಲ್ಲಿ ಒಂದು ಮಣಿ, ಯಾವುದೆಂದು ಗೊತ್ತಿಲ್ಲ. ಒಂದೊಂದು ಮಣಿಯನ್ನೂ ಕಂಪ್ಯೂಟರಿನಲ್ಲಿ ಮುಂದಿನ ದಶಕಗಳಿಗೆ ಓಡಿಸಿ ನೋಡುವುದು ನನ್ನ ಕ್ರಮ. ರಾತ್ರಿಯಿಡೀ ಓಡಲು ಬಿಟ್ಟು ಬೆಳಿಗ್ಗೆ ಎದ್ದು ನೋಡಿದರೆ, ಬಹುಪಾಲು ಮಣಿಗಳು ಭೂಮಿಯಿಂದ ದೂರ ಹಾದುಹೋಗಿದ್ದವು. ದಾರದ ಒಂದು ತುದಿಯ ಹತ್ತಿರ ಒತ್ತೊತ್ತಾಗಿದ್ದ ಕೆಲವೇ ಮಣಿಗಳು ಮಾತ್ರ, ಮೂರು ದಶಕದಾಚೆಯ ಒಂದು ದಿನ, ಭೂಮಿಗೆ ಬಂದು ಬಡಿಯುತ್ತಿದ್ದವು.

ಮತ್ತೆ ಓಡಿಸಿದೆ. ಚಂದ್ರನ ಎಳೆತವನ್ನು ಬೇರೆ ರೀತಿಯಲ್ಲಿ ಸೇರಿಸಿ ಓಡಿಸಿದೆ. ಸಂಶಯ ಬಂದ ಒಂದು ಅಳತೆಯನ್ನು ಕೈಬಿಟ್ಟು ಓಡಿಸಿದೆ. ಆ ಮಣಿಗಳು ಅಲ್ಲೇ ಇದ್ದವು.

ನಮ್ಮ ಗುಂಪಿನ ಮುಖ್ಯಸ್ಥರಾದ ಪ್ರೊಫೆಸರಿಗೆ ಫೋನು ಮಾಡಿದೆ. ಅವರು ಮೆಲುದನಿಯ, ಎಲ್ಲದಕ್ಕೂ ಎರಡು ಸಲ ಯೋಚಿಸುವ ಇಂಗ್ಲಿಷ್ ಮನುಷ್ಯ. ನನ್ನ ಲೆಕ್ಕದ ಸಂಖ್ಯೆಗಳನ್ನು ಒಂದೊಂದಾಗಿ ಓದಿಸಿ ಬರೆದುಕೊಂಡರು. "ಇದನ್ನು ಯಾರಿಗೂ ಹೇಳಬೇಡಿ. ನಿಮ್ಮ ಮನೆಯವರಿಗೂ," ಎಂದರು. ಯುರೋಪಿನ ಇನ್ನೊಂದು ಗುಂಪು ಸ್ವತಂತ್ರವಾಗಿ ಲೆಕ್ಕ ಹಾಕಿತು. ಅವರಿಗೂ ಅದೇ ಉತ್ತರ ಬಂತು. ಸಾಧ್ಯತೆ ತೀರ ಚಿಕ್ಕದು. ಆದರೆ ಸೊನ್ನೆಯಲ್ಲ.

ಹೊಡೆಯುತ್ತದೆ ಎನ್ನಲು ಆಗುವುದಿಲ್ಲ, ಹೊಡೆಯುವುದಿಲ್ಲ ಎನ್ನಲೂ ಆಗುವುದಿಲ್ಲ. ಹೊಸ ಅಳತೆ ಬೇಕು; ಕಾಯ ನಮ್ಮ ದೂರದರ್ಶಕಕ್ಕೆ ಎಟುಕದಷ್ಟು ಮಂಕು. ಎದ್ದು ಓಡಾಡಿ, ಯಾರನ್ನಾದರೂ ಕಂಡು, ಬಾಗಿಲು ಬಡಿದು ಏನಾದರೂ ಮಾಡೋಣವೆಂದರೆ ಬಚ್ಚಲಿಗೆ ಹೋಗಿಬರುವುದಷ್ಟೇ ನನಗಿದ್ದ ಅಪ್ಪಣೆ. ತಲೆಯ ಮೇಲೆ ವಿಮಾನಗಳು ಹಾದುಹೋಗುವಾಗ ಕಿಟಕಿಯ ಗಾಜು ಅದುರುತ್ತಿತ್ತು. ಹೊಟ್ಟೆಯಲ್ಲಿ ಮಗು ಮಿಸುಕಿದರೆ ಕೈಯಿಟ್ಟು ನೋಡುತ್ತಿದ್ದೆ. ಮಿಸುಕದಿದ್ದರೂ ಕೈಯಿಟ್ಟು ನೋಡುತ್ತಿದ್ದೆ.

ಒಂದು ವಾರದೊಳಗೆ ಸುದ್ದಿ ಎಲ್ಲಿಂದಲೋ ಸೋರಿತು. ಪತ್ರಿಕೆಗಳ ಮುಖಪುಟದಲ್ಲಿ ಉರಿಯುವ ಬಂಡೆಯ ಚಿತ್ರ. ಅತ್ತೆಯವರು ಟಿವಿಯಲ್ಲಿ ಭೂಮಿ ಒಡೆಯುವ ಚಿತ್ರ ನೋಡಿ, ಒಂದಕ್ಷರ ತಿಳಿಯದೆ, ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನವರು, ಕಾರಣವಿಲ್ಲದೆ ಹತ್ತುವವರಲ್ಲ.

"ಕೆಂಟನ್ನಿನಿಂದ ಆ ಬೆಳಗಾವಿ ಬಾಯಿ ಫೋನ್ ಮಾಡಿದ್ಲು. ನಿಮ್ಮ ಸೊಸಿ ಇದ ಕೆಲಸ ಮಾಡ್ತಾಳಲ್ಲ, ಖರೆ ಏನು ಕೇಳ್ರಿ ಅಂದ್ಲು. ಏನಂತ ಹೇಳ್ಲಿ?"

"ನನಗೆ ಗೊತ್ತಿಲ್ಲ ಅಂತ ಹೇಳಿ ಅತ್ತೆ."

"ಗೊತ್ತಿಲ್ಲ ಅನ್ನಾಕ ಅಷ್ಟೊಂದು ಓದಬೇಕೇನ?" ಎಂದರು. ಚುಚ್ಚಿ ಅಂದದ್ದಲ್ಲ, ನಿಜವಾಗಿ ಕೇಳಿದ್ದು. ನಾನು ಗೋಡೆಯ ಕಡೆ ತಿರುಗಿದೆ. ಅವರು ಹಾಸಿಗೆಯ ಅಂಚಿಗೆ ಕೂತು ನನ್ನ ಕಾಲು ಒತ್ತತೊಡಗಿದರು. "ಹೋಗ್ಲಿ ಬಿಡು. ಹೊಟ್ಟ್ಯಾಗಿಂದು ಹ್ಯಾಂಗೈತಿ?" ಎಂದರು. ಅದಕ್ಕೂ ನನ್ನಲ್ಲಿದ್ದ ಉತ್ತರ ಅದೇ.

ಅಂದಿನಿಂದ ಫೋನು ನಿಲ್ಲದೆ ರಿಂಗಾಗತೊಡಗಿತು. ಪತ್ರಕರ್ತರಿಗೆ ಮನೆಯ ನಂಬರು ಹೇಗೋ ಸಿಕ್ಕಿತ್ತು. ಅತ್ತೆಯವರು ರಿಸೀವರ್ ಎತ್ತಿ, ಅತ್ತ ಕಡೆಯವರು ಹೇಳುವಷ್ಟನ್ನೂ ಹೇಳಲು ಬಿಟ್ಟು, "ಇಲ್ರೀ," ಎಂದು ಇಡುತ್ತಿದ್ದರು. ಅದಕ್ಕಿಂತ ಒಳ್ಳೆಯ ಹೇಳಿಕೆ ನಮ್ಮ ವಿಭಾಗದಿಂದಲೂ ಹೊರಡಲಿಲ್ಲ.

ಆ ಗದ್ದಲದಿಂದ ಒಂದು ಉಪಕಾರವಾಯಿತು. ಅಟ್ಲಾಂಟಿಕ್ ದ್ವೀಪವೊಂದರ ಪರ್ವತದ ಮೇಲಿದ್ದ ದೊಡ್ಡ ದೂರದರ್ಶಕದವರು, ಸಂಜೆಯ ತಮ್ಮ ಕೆಲಸ ಶುರುವಾಗುವ ಮೊದಲು ಒಂದು ಗಂಟೆ ಕೊಡುತ್ತೇವೆಂದರು. ಅಲ್ಲಿ ವೀಕ್ಷಕಿಯಾಗಿದ್ದವಳು ನಮ್ಮ ಗುಂಪಿನವಳೇ, ವೇಲ್ಸಿನವಳು, ನನ್ನ ಜೊತೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದವಳು. ಪ್ರೊಫೆಸರ್ ಉತ್ಸಾಹದಿಂದ ಫೋನು ಮಾಡಿದರು.

"ದಾರದ ಮಧ್ಯದಿಂದ ಶುರುಮಾಡಿ ಎರಡೂ ಕಡೆಗೆ ಹುಡುಕೋಣ. ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು. ಕಾಯ ಸಿಕ್ಕಿತೆಂದರೆ ಎಲ್ಲ ಮುಗಿಯಿತು."

ಅದು ಸರಿಯಾದ ಕ್ರಮವೇ. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನೂ ಹೂಂ ಎಂದು ಫೋನಿಟ್ಟು ಪಟ್ಟಿ ತಯಾರಿಸಲು ಕೂತೆ, ಅಂದರೆ ಮಲಗಿದೆ. ಅಷ್ಟು ಹೊತ್ತಿಗೆ ದಾರ ಆಕಾಶದಲ್ಲಿ ಬಹಳ ಉದ್ದಕ್ಕೆ ಹಿಗ್ಗಿತ್ತು. ಒಂದು ಗಂಟೆಯಲ್ಲಿ ಅದರ ಅರ್ಧವನ್ನೂ ಮುಚ್ಚಲಾಗದು. ಹುಡುಕಿ ಸಿಗದಿದ್ದರೆ? ಆಗ ಅದು ಉಳಿದ ಭಾಗದಲ್ಲೆಲ್ಲೋ ಇದೆ ಎಂದಾಗುತ್ತದೆ, ಹೊಡೆಯುವ ಮಣಿಗಳಿರುವುದೂ ಆ ಉಳಿದ ಭಾಗದಲ್ಲೇ. ಸಾಧ್ಯತೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಅದು ಸೂರ್ಯನ ಹಿಂದೆ ಹೋಗುತ್ತದೆ, ನಾವು ವರ್ಷಗಟ್ಟಲೆ ಅದೇ ಪ್ರಶ್ನೆಯೊಳಗೆ ಕೂತಿರುತ್ತೇವೆ.

ಹೊಡೆಯುವ ಮಣಿಗಳನ್ನಷ್ಟೇ ಬೇರೆ ಮಾಡಿ ಆ ಸಂಜೆ ಅವು ಆಕಾಶದಲ್ಲಿ ಎಲ್ಲಿರುತ್ತವೆ ಎಂದು ಗುರುತು ಹಾಕಿದೆ. ಎಲ್ಲವೂ ಒಂದೇ ಕಡೆ ಬಿದ್ದವು. ಚಿಕ್ಕ ಜಾಗ, ಕ್ಯಾಮೆರಾದ ಒಂದೇ ಚಿತ್ರದಲ್ಲಿ ಹಿಡಿಸುವಷ್ಟು. ಇಡೀ ಗಂಟೆಯನ್ನು ಆ ತುಣುಕು ಆಕಾಶಕ್ಕೇ ಕೊಟ್ಟು ಆಳವಾದ ಚಿತ್ರ ತೆಗೆದರೆ, ಅಲ್ಲಿ ಏನೂ ಇಲ್ಲವೆಂದು ತೋರಿಸಿದರೆ, ಕಾಯ ಎಲ್ಲೇ ಇರಲಿ, ಅದು ಭೂಮಿಗೆ ಬರುವ ಕಾಯವಲ್ಲ.

ಪ್ರೊಫೆಸರಿಗೆ ಮತ್ತೆ ಫೋನು ಮಾಡಿದೆ.

"ಅಂದರೆ ಸಿಗುವುದಿಲ್ಲ ಎಂದು ಗೊತ್ತಿರುವ ಕಡೆ ಹುಡುಕಬೇಕೆ? ಖಾಲಿ ಆಕಾಶದ ಚಿತ್ರಕ್ಕಾಗಿ ನಾನು ಆ ದೂರದರ್ಶಕ ಕೇಳಿದೆನೆ?"

"ಹೌದು, ಖಾಲಿ ಆಕಾಶವೇ ಬೇಕು."

"ಕಾಯ ಕಳೆದುಹೋಗುತ್ತದೆ. ನಮ್ಮ ಕೈಯಾರೆ ಕಳೆದ ಹಾಗೆ."

"ಕಳೆಯಲಿ. ಹೊಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಕಳೆಯಲಿ."

ಅವರು ಕೊನೆಗೆ ಕೇಳಿದ್ದು, ನಾನು ಅಷ್ಟು ಹೊತ್ತು ಕೇಳಿಕೊಳ್ಳದೆ ಇಟ್ಟಿದ್ದನ್ನೇ. "ಅಲ್ಲಿ ಇದ್ದುಬಿಟ್ಟರೆ?"

"ಇದ್ದರೆ ಈಗಲೇ ಗೊತ್ತಾಗಲಿ ಸರ್," ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಕೆಳಗಿನಿಂದ ಅತ್ತೆಯವರು, "ಯಾರ ಜೋಡಿ ಜಗಳಾ ಹಚ್ಚಿದಿ?" ಎಂದು ಕೂಗಿದರು. ಪ್ರೊಫೆಸರ್ ನಾಳೆ ಹೇಳುತ್ತೇನೆಂದರು. ಮರುದಿನ ಬೆಳಿಗ್ಗೆ, ನನ್ನ ಪಟ್ಟಿಯನ್ನೇ ದ್ವೀಪಕ್ಕೆ ಕಳಿಸಿ ಎಂದು ಒಂದು ಸಾಲಿನ ಇ-ಮೇಲ್ ಬಂತು.

ಗೊತ್ತುಮಾಡಿದ್ದ ಸಂಜೆ ದ್ವೀಪದ ಮೇಲೆ ಸಹಾರಾ ಮರುಭೂಮಿಯ ಧೂಳು ಕವಿಯಿತು. ದೂರದರ್ಶಕದ ಗುಮ್ಮಟ ತೆರೆಯಲೇ ಇಲ್ಲ. ಮರುದಿನವೂ ಧೂಳು. ಮೂರನೆಯ ಸಂಜೆ ಗಾಳಿ ತಿರುಗಿ ಆಕಾಶ ತೊಳೆದಂತಾಯಿತು. ವೇಲ್ಸಿನ ಗೆಳತಿ ಚಿತ್ರಗಳನ್ನು ತೆಗೆದಳು. ಮೋಡೆಮ್‌ನಲ್ಲಿ ಅವು ಇಳಿದುಬರಲು ಎರಡು ಅರ್ಧ ಗಂಟೆಗಳೂ ಸಾಲದೆ ಮೂರನೆಯದನ್ನು ಬೇಡಿ ಪಡೆದೆ. ಪರದೆಯ ಮೇಲೆ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಚ್ಚಿಕೊಂಡಿತು. ಅಂಚಿನಲ್ಲಿ ಒಂದು ಹೊಳಪಿನ ನಕ್ಷತ್ರವಿತ್ತು. ಅದರ ಪ್ರಭೆ ಹರಡಿಕೊಂಡು ನನ್ನ ಜಾಗದ ಒಂದು ಮೂಲೆಯನ್ನು ನುಂಗಿಹಾಕಿತ್ತು. ಉಳಿದ ಕಡೆ ಏನೂ ಇರಲಿಲ್ಲ. ಆದರೆ ಹೊಡೆಯುವ ಮಣಿಗಳಲ್ಲಿ ಕೆಲವು ಆ ಮೂಲೆಯಲ್ಲೇ ಇದ್ದವು.

ಮೂಲೆಯೊಂದನ್ನು ಬಿಟ್ಟು ಉಳಿದೆಲ್ಲ ಖಾಲಿ ಎಂದು ಜಗತ್ತಿಗೆ ಹೇಳಲಾಗದು. ನಕ್ಷತ್ರ ಚಿತ್ರದಿಂದ ಹೊರಗೆ ಬೀಳುವಂತೆ ದೂರದರ್ಶಕವನ್ನು ಜರುಗಿಸಿ ಮತ್ತೆ ತೆಗೆಯಬೇಕು. ಕಾಯವಿದ್ದರೆ ಅದೂ ಅಷ್ಟರಲ್ಲಿ ನಕ್ಷತ್ರದಿಂದ ತುಸು ದೂರ ನಡೆದಿರುತ್ತದೆ. ಹೊಸ ಸ್ಥಾನಗಳನ್ನು ಲೆಕ್ಕ ಹಾಕಿ ಗೆಳತಿಗೆ ಕಳಿಸಿದೆ. ಹೇಗಾದರೂ ಇನ್ನೊಂದು ಸಂಜೆ ಬೇಡುತ್ತೇನೆ ಎಂದು ಅವಳು ಬರೆದಳು.

ಆ ಉತ್ತರ ಓದಿ ಹಾಸಿಗೆಯಿಂದ ಬಚ್ಚಲಿಗೆಂದು ಕಾಲಿಳಿಸಿದಾಗ ತೊಡೆಯ ಮೇಲೆ ಬಿಸಿಯಾಗಿ ಇಳಿದದ್ದು ಗೊತ್ತಾಯಿತು. ನೋವಿರಲಿಲ್ಲ. ಕೆಂಪು ಮಾತ್ರ.

"ಅತ್ತೆ, ರಕ್ತ!" ಎಂದು ಕೂಗಿದೆ. ಕೆಳಗೆ ರೊಟ್ಟಿಯ ಸಪ್ಪಳ ನಿಂತಿತು. ಮೋಡೆಮ್‌ನ ವೈರು ಕಿತ್ತ ಶಬ್ದ, ಡಯಲ್ ಮಾಡಿದ ಶಬ್ದ, ಆಮೇಲೆ ಅವರ ದನಿ, ಖಾನಾವಳಿಯ ಆ ಕೊನೆಗೆ ಕೇಳಿಸಬೇಕಾದ ದನಿ: "ಆಂಬ್ಯುಲೆನ್ಸ್ ಪ್ಲೀಸ್! ಪ್ರೆಗ್ನೆಂಟ್ ಲೇಡಿ ಬ್ಲೀಡಿಂಗ್!" ವಿಳಾಸವನ್ನು ಎರಡು ಸಲ ಹೇಳಿದರು. ಆಮೇಲೆ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದು ನನ್ನ ತಲೆ ಹಿಡಿದುಕೊಂಡು ಕೂತರು.

ಆಸ್ಪತ್ರೆಯಲ್ಲಿ ರಕ್ತ ನಿಂತಿತು. ಮಗುವಿನ ಎದೆಬಡಿತ ಸರಿಯಾಗಿಯೇ ಇತ್ತು. ಆದರೆ ಇನ್ನು ಮನೆಗೆ ಬಿಡುವುದಿಲ್ಲ, ಹೆರಿಗೆಯ ತನಕ ಇಲ್ಲೇ ಎಂದರು. ಕಂಪ್ಯೂಟರ್ ಹೇಸ್‌ನ ಇಸ್ತ್ರಿ ಹಲಗೆಯ ಪಕ್ಕದಲ್ಲೇ ಉಳಿಯಿತು. ವಾರ್ಡಿನಲ್ಲಿ ನಾಲ್ಕು ಮಂಚ, ಹೂವಿನ ಪರದೆಗಳು, ಒಂದು ಕಡೆ ಕಿಟಕಿ, ಅದರಾಚೆ ಇನ್ನೊಂದು ಕಟ್ಟಡದ ಇಟ್ಟಿಗೆ ಗೋಡೆ. ಮೊದಲ ದಿನ ನನಗೆ ಅಳು ಬಂದದ್ದು ಮಗುವಿಗಾಗಿಯೋ ಆ ಮೂಲೆಗಾಗಿಯೋ ಬೇರೆ ಮಾಡಿ ಹೇಳಲಾರೆ. ಗಂಡ ಶಿಫ್ಟು ಮುಗಿಸಿ ಬಂದು ಪಕ್ಕದಲ್ಲಿ ಕೂತ. "ಅದನ್ನ ಬಿಡು ಈಗ," ಎಂದ.

"ಬಿಟ್ಟು ಏನು ಮಾಡಲಿ? ಇಡೀ ದಿನ ಇದನ್ನೇ ಯೋಚಿಸ್ತಾ ಮಲಗಲಾ?" ಎಂದು ಹೊಟ್ಟೆ ತೋರಿಸಿದೆ. ಅವನು ನನ್ನ ಹೊದಿಕೆ ಸರಿಮಾಡಿದ. ಸ್ವಲ್ಪ ಹೊತ್ತಿನ ಮೇಲೆ, "ಪ್ರೊಫೆಸರಿಗೆ ಯಾವ ವಾರ್ಡು ಅಂತ ಹೇಳಿ ಬರ್ತೀನಿ," ಎಂದು ಎದ್ದ.

ಕೆಲವು ದಿನ ಯಾವ ಸುದ್ದಿಯೂ ಇಲ್ಲ. ಒಂದು ಮಧ್ಯಾಹ್ನ, ನೋಡಲು ಬರುವವರ ಹೊತ್ತಿನಲ್ಲಿ, ಪ್ರೊಫೆಸರ್ ಉದ್ದ ಕೋಟಿನಲ್ಲಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಬಸುರಿಯರ ನಡುವೆ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತ ಬಂದರು. ಒಂದು ಕೈಯಲ್ಲಿ ದ್ರಾಕ್ಷಿ, ಇನ್ನೊಂದರಲ್ಲಿ ರಟ್ಟಿನ ಲಕೋಟೆ. ಅತ್ತೆಯವರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಪ್ರೊಫೆಸರ್ ಬೇಡವೆಂದು ಕೈಯಾಡಿಸಿದರು. "ಕೂಡ್ರಿ, ಕೂಡ್ರಿ," ಎಂದು ಅತ್ತೆ ಭುಜ ಹಿಡಿದೇ ಕೂರಿಸಿದರು.

ಲಕೋಟೆಯಲ್ಲಿ ಪಾಠ ಮಾಡುವಾಗ ಪ್ರೊಜೆಕ್ಟರಿಗೆ ಹಾಕುತ್ತೇವಲ್ಲ, ಅಂಥ ಪಾರದರ್ಶಕ ಹಾಳೆಗಳು. ಹೊಸ ಸಂಜೆಯ ಚಿತ್ರಗಳನ್ನು ನಕ್ಷತ್ರಗಳು ಕಪ್ಪಾಗಿ, ಆಕಾಶ ಬಿಳಿಯಾಗಿ ಕಾಣುವಂತೆ ಅವುಗಳ ಮೇಲೆ ಮುದ್ರಿಸಿ ತಂದಿದ್ದರು. "ದ್ವೀಪದಲ್ಲಿ ಅವಳು ನೋಡಿದ್ದಾಳೆ. ನಾನೂ ನೋಡಿದ್ದೇನೆ. ಏನು ಕಂಡಿತೆಂದು ಹೇಳುವುದಿಲ್ಲ. ನೀವೇ ನೋಡಿ," ಎಂದರು.

ಮೂರು ಹಾಳೆ. ಊಟದ ಟ್ರೇ ಮೇಲೆ ಬಿಳಿ ಟವೆಲ್ ಹಾಸಿ ಒಂದರ ಮೇಲೊಂದು ಇಟ್ಟೆ. ನಕ್ಷತ್ರಗಳು ಒಂದರ ಮೇಲೊಂದು ಕೂತವು. ಹೊಳಪಿನ ನಕ್ಷತ್ರ ಚಿತ್ರದಿಂದ ಹೊರಗಿತ್ತು. ಈಗ ಹಾಳೆಗಳನ್ನು, ಹೊಡೆಯುವ ಮಣಿ ಆ ಹೊತ್ತಿನಲ್ಲಿ ಎಷ್ಟು ನಡೆದಿರಬೇಕೋ ಅಷ್ಟು ಜರುಗಿಸಬೇಕು. ಆ ಅಂತರ ನನಗೆ ಬಾಯಿಗೇ ಬರುತ್ತಿತ್ತು. ಜರುಗಿಸಿದೆ. ನಕ್ಷತ್ರಗಳೆಲ್ಲ ಮೂರು ಮೂರು ಚುಕ್ಕೆಗಳಾಗಿ ಒಡೆದವು. ಅಲ್ಲಿ ಕಾಯವಿದ್ದರೆ ಮೂರು ಹಾಳೆಯ ಮಸುಕು ಚುಕ್ಕೆಗಳೂ ಒಂದೇ ಕಡೆ ಸೇರಿ ಒಂದು ಕಪ್ಪು ಚುಕ್ಕೆಯಾಗಬೇಕು.

ಮೂಲೆಯಿಂದ ಶುರುಮಾಡಿದೆ. ಒಂದು ಕಡೆ ಒಂದು ಚುಕ್ಕೆ ಕಪ್ಪಾಗಿ ಕಂಡಿತು. ನನ್ನ ಕೈ ನಿಂತುಬಿಟ್ಟಿತು. ಪ್ರೊಫೆಸರ್ ಮುಖ ನೋಡಿದೆ. ಅವರು ಕಿಟಕಿಯಾಚೆಯ ಗೋಡೆ ನೋಡುತ್ತಿದ್ದರು. ಮೇಲಿನ ಹಾಳೆಯನ್ನು ಎತ್ತಿದೆ. ಚುಕ್ಕೆ ಹಾಗೆಯೇ ಇತ್ತು. ನಡುವಿನದನ್ನು ಎತ್ತಿದೆ. ಆಗಲೂ ಹಾಗೆಯೇ, ಅಷ್ಟೇ ಕಪ್ಪು. ಕೆಳಗಿನ ಒಂದೇ ಹಾಳೆಯಲ್ಲಿದ್ದ ಚುಕ್ಕೆ ಅದು. ಕ್ಯಾಮೆರಾದ ದೋಷ, ಆಕಾಶದ್ದಲ್ಲ. ಮತ್ತೆ ಹಾಳೆಗಳನ್ನು ಜೋಡಿಸಿ ಆ ಜಾಗವನ್ನೆಲ್ಲ ಬೆರಳಳತೆಯಲ್ಲಿ ನೋಡಿದೆ. ಮಸುಕು ನಕ್ಷತ್ರಗಳು ಎಷ್ಟರಮಟ್ಟಿಗೆ ಮೂಡಿವೆ ಎಂದೂ ನೋಡಿದೆ. ಕಾಯ ಇದ್ದಿದ್ದರೆ ಅವುಗಳಿಗಿಂತ ಹೊಳಪಾಗಿ ಕಾಣಬೇಕಿತ್ತು.

"ಇಲ್ಲ," ಎಂದೆ.

"ಇಲ್ಲ," ಎಂದರು ಪ್ರೊಫೆಸರ್. ಕನ್ನಡಕ ತೆಗೆದು ಒರೆಸಿಕೊಂಡರು.

ಅತ್ತೆಯವರು ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿದರು. "ಏನ್ ಸಿಕ್ಕಿತು?"

"ಏನೂ ಸಿಗಲಿಲ್ಲ ಅತ್ತೆ."

"ಮತ್ತ ಇಬ್ರೂ ಯಾಕ ನಗಾಕತ್ತೀರಿ?"

"ಅದು ಅಲ್ಲಿ ಇಲ್ಲ. ಅಲ್ಲಿ ಇಲ್ಲ ಅಂದ್ರೆ ನಮಗೆ ಬಂದು ಹೊಡೆಯಲ್ಲ."

"ಮತ್ತ ಎಲ್ಲೈತಿ?"

"ಗೊತ್ತಿಲ್ಲ."

ಅವರು ದ್ರಾಕ್ಷಿಯ ಪೊಟ್ಟಣ ಬಿಚ್ಚಿ, ವಾರ್ಡಿನ ಸಿಂಕಿನಲ್ಲಿ ತೊಳೆದು ತಂದು, ಮೊದಲು ಪ್ರೊಫೆಸರ್ ಕೈಗೆ ಕೊಟ್ಟರು. "ಕೆಂಟನ್ನಿನಾಕಿಗೆ ಫೋನ್ ಮಾಡಿ ಹೇಳ್ಲೇನು?" ಎಂದು ಕೇಳಿದರು. ಹೇಳಿ ಎಂದೆ. ವಾರ್ಡಿನ ಹೊರಗಿನ ಫೋನಿನಲ್ಲಿ ಅವರು ಹೇಳಿದ್ದು ಒಳಗಿದ್ದ ನಾಲ್ಕು ಮಂಚಕ್ಕೂ ಕೇಳಿಸಿತು.

ನಮ್ಮ ಪ್ರಕಟಣೆ ಎರಡು ದಿನದ ಮೇಲೆ ಹೊರಟಿತು. ಪತ್ರಿಕೆಗಳು ಒಳಪುಟದಲ್ಲಿ ನಾಲ್ಕು ಸಾಲು ಹಾಕಿದವು. ಕಾಯ ಸೂರ್ಯನ ಹಿಂದೆ ಹೋಯಿತು, ಕಳೆದುಹೋದವುಗಳ ಪಟ್ಟಿಗೆ ಸೇರಿತು. ನಾನು ಅದೇ ಮಂಚದಲ್ಲಿದ್ದೆ. ಬಿಡುಗಡೆಯಾದದ್ದು ಅದಕ್ಕೆ, ನನಗಲ್ಲ. ಲೆಕ್ಕ ಹಾಕಲು ಏನೂ ಇಲ್ಲದ ಆ ವಾರಗಳು ಮೊದಲಿನವಕ್ಕಿಂತ ಉದ್ದವಾಗಿದ್ದವು. ಇನ್ನೊಂದು ಸಲ ರಕ್ತ ಹೋಯಿತು. ಕೊನೆಗೆ ಅವಧಿಗೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿ ಮಗಳನ್ನು ತೆಗೆದರು. ಸಣ್ಣ ಮಗು, ಆದರೆ ಅಳು ಅಜ್ಜಿಯದೇ ದನಿ. ಅಜ್ಜಿ ಅವಳನ್ನು ಮೂರು ತಿಂಗಳು ಎಣ್ಣೆ ನೀರು ಹಾಕಿ ಬೆಳೆಸಿ, ವೀಸಾ ಮುಗಿದಾಗ ಧಾರವಾಡಕ್ಕೆ ಹೊರಟರು.

ಮಗಳು ಶಾಲೆಗೆ ಹೋಗತೊಡಗಿ ಕೆಲವು ವರ್ಷವಾದ ಮೇಲೆ, ಒಂದು ಬೆಳಿಗ್ಗೆ, ನಿವೃತ್ತರಾಗಿದ್ದ ಪ್ರೊಫೆಸರಿಂದ ಇ-ಮೇಲ್ ಬಂತು. ಯಾವುದೋ ಹೊಸ ಸಮೀಕ್ಷೆಗೆ ಆ ಕಾಯ ತಾನಾಗಿ ಸಿಕ್ಕಿತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ, ಆ ಸಂಜೆ ಅದು ದಾರದ ನಡುವಿಗೆ ತೀರ ಹತ್ತಿರವೇ ಇತ್ತು. "ನಾನು ಹೇಳಿದಲ್ಲಿ ನೋಡಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಸಿಗುತ್ತಿತ್ತು. ಆದರೂ ನಿಮ್ಮದೇ ಸರಿಯಾದ ನಿರ್ಧಾರ ಎಂದು ಈಗಲೂ ನನ್ನ ಅಭಿಪ್ರಾಯ," ಎಂದು ಬರೆದಿದ್ದರು. ಓದಿ ಜೋರಾಗಿ ನಕ್ಕೆ. ಶೂ ಹಾಕಿಕೊಳ್ಳುತ್ತಿದ್ದ ಮಗಳು ಏನೆಂದು ಕೇಳಿದಳು. ಹೇಳಿದೆ, ಅವಳಿಗೆ ತಿಳಿಯುವಷ್ಟು.

"ಸೋ ಇಟ್ ವಾಸ್ ನೆವರ್ ಗೋಯಿಂಗ್ ಟು ಹಿಟ್ ಅಸ್?"

"ಇಲ್ಲ. ಯಾವತ್ತೂ ಹೊಡೀತಿರಲಿಲ್ಲ."

"ದೆನ್ ವೈ ವರ್ ಯು ಸ್ಕೇರ್ಡ್?"

"ಗೊತ್ತಿರಲಿಲ್ಲವಲ್ಲ, ಮಗಳೇ," ಎಂದೆ.

ಅದೂ ಒಂದು ಕಾರಣವೇ ಎನ್ನುವಂತೆ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ, ತಡವಾಯಿತೆಂದು ನನ್ನನ್ನೇ ಬೈಯುತ್ತ ಬಾಗಿಲು ತೆರೆದು ನಡೆದಳು.